ಪಾತ್ರೆಗೊಬ್ಬ ಯಜಮಾನ, ಮುಚ್ಚಳಕ್ಕೊಬ್ಬ

೮ ಜನವರಿ

ಅಕ್ಕಾ,

ಮುಚ್ಚಳದ ಒಳಗೆ ಈ ಹಾಳೆ ಮಡಚಿ ಅಂಟಿಸಿರೋದು ನಾನೇ, ನಿಮ್ಮ ವಾರಗಿತ್ತಿ. ಗಾಬರಿ ಆಗಬೇಡಿ.

ಮೊನ್ನೆ ಬೆಳಿಗ್ಗೆ ನಮ್ಮವರ ಫೋನು ಟಿಣ್ ಅಂತು. ಆನ್‌ಲೈನ್ ಅಂಗಡಿ ತೆರೆದು ಇಷ್ಟು ದಿನಕ್ಕೆ ಮೊದಲನೇ ಆರ್ಡರ್! ಯಾರೋ ನರ್ಸಮ್ಮ, ದೊಡ್ಡ ಸೈಜಿನ ಮುಚ್ಚಳ ಒಂದು. ನಮ್ಮವರು ಬಾಯಲ್ಲಿ ಬ್ರಷ್ ಇಟ್ಕೊಂಡೇ ಮಹಡಿ ಇಳಿದು ಕೆಳಮನೆ ಟೈಲರಮ್ಮನಿಗೆ ಸುದ್ದಿ ಹೇಳಿ ಬಂದರು. ಆಮೇಲೆ ಪ್ಯಾಕ್ ಮಾಡು ಅಂತ ಫೋನು ನನ್ನ ಕೈಗೆ ಕೊಟ್ಟರು. ಕೆಳಗಡೆ, ಮಾರಾಟಗಾರರಿಗೆ ಏನಾದರೂ ಹೇಳೋದಿದೆಯಾ ಅನ್ನೋ ಜಾಗದಲ್ಲಿ ಬರೆದಿತ್ತು: "ಪ್ಯಾಕ್ ಮಾಡೋಳ ಬೆನ್ನುನೋವು ಈಗ ಹೇಗಿದೆ?"

ನಮ್ಮವರು ಅದನ್ನ ಓದಿ, "ನೋಡು, ನರ್ಸ್ ಅಂದ್ರೆ ನರ್ಸೇ. ಕಂಡು ಕೇಳದೋರ ಆರೋಗ್ಯಾನೂ ವಿಚಾರಿಸ್ತಾರೆ" ಅಂದ್ರು. ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಆ ನರ್ಸಮ್ಮ ನಿಮ್ಮ ಎದುರು ಮನೆಯವರು, ಆ ಮಾತು ನಿಮ್ಮದು ಅಂತ ಗೊತ್ತಾಗದೆ ಇರೋಕೆ ನಾನೇನು ನಮ್ಮವರಾ? ಬೆನ್ನುನೋವು ಹಾಗೇ ಇದೆ ಅಕ್ಕ. ನಿಮ್ಮ ಹಾಗೆ ಬಿಸಿಬಟ್ಟೆ ಇಟ್ಟು ಒತ್ತೋರು ಇಲ್ಲಿ ಯಾರಿದ್ದಾರೆ?

ಪಾತ್ರೆ ಅಂಗಡಿ ಪಾಲು ಮಾಡಿದ ದಿನ ನೆನೆಸಿಕೊಂಡ್ರೆ ಈಗಲೂ ನನ್ನ ಹೊಟ್ಟೆ ಉರಿಯತ್ತೆ. ಆನ್‌ಲೈನಲ್ಲಿ ಮಾರೋಣ ಅಂತ ನಮ್ಮವರು, ಬೆರಳಲ್ಲಿ ಬಡಿದು ನೋಡದೆ ಪಾತ್ರೆ ಯಾವನು ಕೊಳ್ತಾನೆ ಅಂತ ಭಾವ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಕೊನೆಗೆ ಸೋದರಮಾವ ಬಂದು ಅಂಗಡಿ ನಡುಮಧ್ಯೆ ಒಂದು ಗೆರೆ ಎಳೆದು, ಬಲಗಡೆ ಅಣ್ಣಂದು ಎಡಗಡೆ ತಮ್ಮಂದು ಅಂದುಬಿಟ್ಟರು. ಜಾಗ ಉಳೀಲಿ ಅಂತ ಪಾತ್ರೆಯೆಲ್ಲ ಒಂದರೊಳಗೊಂದು ಕೂರಿಸಿ ಬಲಗಡೆ ಇಟ್ಟಿದ್ದೋರು ನಾವೇ. ಮುಚ್ಚಳವೆಲ್ಲ ಎಡಗಡೆ ಗೋಡೆಗೆ ನೇತು ಹಾಕಿದ್ದೋರೂ ನಾವೇ. ಅಣ್ಣತಮ್ಮಂದಿರಿಬ್ಬರೂ ನೋಡಿದ್ರು, ಇಬ್ಬರಿಗೂ ಅರ್ಥ ಆಯ್ತು. ಮೊದಲು ಬಾಯಿ ಬಿಟ್ಟೋನು ಸೋತ ಹಾಗೆ ಅಂತ ಇಬ್ಬರೂ "ಸರಿ" ಅಂತ ತಲೆ ಆಡಿಸಿದ್ರು. ಅಂಗಡಿ ನಿನಗೂ ಬೇಡ ನನಗೂ ಬೇಡ ಅಂತ ಬಾಗಿಲು ಹಾಕಿದ್ದೂ ಆಯ್ತು, ನಾವು ಈ ಊರಿಗೆ ಬಂದಿದ್ದೂ ಆಯ್ತು. ಈಗ ಭಾವನೂ ಆನ್‌ಲೈನೇ ಅಂತೆ, ಹೌದಾ?

ನರ್ಸಮ್ಮನ ಫೋನಿಗೆ ಮಾಡಲಾ ಅಂತ ಕೈ ತುರಿಸ್ತಿದೆ. ಬೇಡ ಅನ್ನಿಸಿದ್ರೆ, ಟೈಲರಮ್ಮನ ಹೆಸರಲ್ಲಿ ನಿಮ್ಮ ಕಡೆಯಿಂದ ನಾನೊಂದು ಪಾತ್ರೆ ತರಿಸ್ತೀನಿ. ಅಲ್ಲಿ ಪ್ಯಾಕ್ ಮಾಡೋದು ನೀವೇ ತಾನೇ?

ನಿಮ್ಮ ತಂಗಿ
(ಸದ್ಯಕ್ಕೆ ಮುಚ್ಚಳದ ಕಡೆಯವಳು)


೨೯ ಜನವರಿ

ಏ ಹುಡುಗೀ,

ಫೋನು ಗೀನು ಬೇಡ. ಆ ಮನೆ ಜೊತೆ ಮಾತಾಡಿದ್ರೆ ನನ್ನ ಮೇಲಾಣೆ ಅಂತ ಇಬ್ಬರು ಮಹಾನುಭಾವರೂ ನಮ್ಮ ಕೈಲಿ ಆಣೆ ಹಾಕಿಸಿಕೊಂಡಿಲ್ವಾ? ಮಾತಾಡಬಾರದು ಅಂದ್ರು, ಬರೀಬಾರದು ಅಂತ ಯಾವನೂ ಹೇಳಿಲ್ಲ. ಅದೂ ಅಲ್ಲದೆ ನಿನ್ನ ಪಿಸುಮಾತು ಬಸ್ ಸ್ಟ್ಯಾಂಡಿಗೆ ಕೇಳತ್ತೆ. ಅಂಚೆ ಅಂತೂ ಆಗದ ಮಾತು, ಬಂದ ಲಕೋಟೆನೆಲ್ಲ ನಮ್ಮವರೇ ಕಿತ್ತುಕೊಂಡು ಒಡೀತಾರೆ. ಆದ್ರಿಂದ ನಿನ್ನ ಮಾತು ನನಗೆ ಬೇಕಾದ್ರೆ ನಾನು ಮುಚ್ಚಳ ಕೊಳ್ಳಬೇಕು, ನನ್ನ ಮಾತು ನಿನಗೆ ಬೇಕಾದ್ರೆ ನೀನು ಪಾತ್ರೆ ಕೊಳ್ಳಬೇಕು. ನಮ್ಮಿಬ್ಬರ ಹಣೇಲಿ ಬರೆದದ್ದು ಇದೇ, ಏನು ಮಾಡ್ತೀಯ.

ನಿನ್ನ ಭಾವ ಪಾಲಾದಾಗಿನಿಂದ ಗಡ್ಡ ತೆಗೆದಿರಲಿಲ್ಲ ಕಣೆ. ಊಟಕ್ಕೆ ಕೂತ್ರೆ ತಟ್ಟೆ ನೋಡ್ತಾ ಕೂರೋದು, ಕರೆದ್ರೆ ಹಾಂ ಅನ್ನೋದು, ಅಷ್ಟೇ. ನಿನ್ನ ಟೈಲರಮ್ಮನ ಆರ್ಡರ್ ಬಂತು ನೋಡು, ಎದ್ದು ಹೋಗಿ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದ್ರು. ಬಾಗಿಲಲ್ಲಿ ನಿಂತಿದ್ದೋರನ್ನ ನಾನು ಒಂದು ಗಳಿಗೆ ಯಾರೋ ಅಂದುಕೊಂಡೆ.

ಈಗ ಏನೋ ಕೋರ್ಸ್ ಸೇರಿದ್ದಾರೆ. ವಾರಕ್ಕೊಂದು ವಿಡಿಯೋ ಪಾಠ ಬರತ್ತೆ, ಹೇಳೋನು ಒಬ್ಬ ಕನ್ನಡಕದ ಸರ್. ಬಿಸಿನೆಸ್ ಮಾಡೆಲ್ ಮಾಡಬೇಕಂತೆ. ಹಾಗಂದ್ರೇನ್ರೀ ಅಂತ ಕೇಳಿದೆ. "ಯಾರಿಗೆ ಮಾರ್ತೀವಿ, ಏನು ಮಾರ್ತೀವಿ, ದುಡ್ಡು ಯಾವ ದಾರೀಲಿ ಬರತ್ತೆ, ಇದನ್ನ ಒಂದು ಹಾಳೆ ಮೇಲೆ ಬರೆಯೋದು" ಅಂದ್ರು. ಬರೆದ್ರು. ಯಾರಿಗೆ: ಎಲ್ಲರಿಗೂ. ಏನು: ಪಾತ್ರೆ. ದುಡ್ಡು ಯಾವ ದಾರಿ: ಅಲ್ಲಿ ಖಾಲಿ ಬಿಟ್ಟಿದ್ದಾರೆ.

ಮುಚ್ಚಳ ಇಲ್ವಲ್ಲ, ಅದಕ್ಕೇನು ಮಾಡ್ತೀರಿ ಅಂದೆ. ಮುಖ ಗಂಟು ಹಾಕಿಕೊಂಡು ಒಳಗೆ ಹೋದ್ರು. ಮಾರನೇ ದಿನ ಹೊಸ ಹಾಳೆ. ನಿನ್ನ ಕೊರತೆಯನ್ನೇ ನಿನ್ನ ಗುಣ ಅಂತ ತೋರಿಸು ಅಂತ ಸರ್ ಹೇಳಿದ್ದಾರಂತೆ. ಈಗ ನಮ್ಮ ಪಾತ್ರೆ ಹೆಸರು 'ತೆರೆದ ಪಾತ್ರೆ: ಮುಚ್ಚುಮರೆಯಿಲ್ಲದ ಅಡುಗೆ'. ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋದು ಇದಕ್ಕೇ.

ಬೆನ್ನಿಗೆ ಬಿಸಿ ಮರಳಿನ ಚೀಲ ಇಟ್ಟುಕೋ. ಭಾರ ಎತ್ತಬೇಡ.

ನಿನ್ನ ಅಕ್ಕ


೧೮ ಫೆಬ್ರವರಿ

ಅಕ್ಕಾ,

ಆರ್ಡರ್ ಹಾಕೋಕೆ ಇಷ್ಟು ತಡ ಮಾಡ್ತೀರಲ್ಲ, ಮಾತು ಹೊಟ್ಟೇಲಿ ಕೊಳೀತಿತ್ತು.

ನಿಮ್ಮ ಕಾಗದ ಎರಡು ಸಲ ಓದಿದೆ. ಕನ್ನಡಕದ ಸರ್ ನಮ್ಮನೆಗೂ ಬರ್ತಾನೆ! ಅದೇ ಕೋರ್ಸು, ಅದೇ ಪಾಠ, ಅದೇ ಹಾಳೆ. ಅಣ್ಣತಮ್ಮಂದಿರು ಬೇರೆ ಆದ್ರೂ ಬುದ್ಧಿ ಪಾಲಾಗಿಲ್ಲ ನೋಡಿ.

ನಮ್ಮವರು ಮೊದಲು ಮಾಡಿದ್ದು ಚಂದಾ ಮಾಡೆಲ್. ತಿಂಗಳಿಗೊಂದು ಮುಚ್ಚಳ ಮನೆ ಬಾಗಿಲಿಗೆ. ನಾನಂದೆ, "ರೀ, ಪೇಪರ್ ಆದ್ರೆ ದಿನಾ ಹೊಸ ಸುದ್ದಿ ಇರತ್ತೆ. ಮುಚ್ಚಳದಲ್ಲಿ ತಿಂಗಳಿಗೊಮ್ಮೆ ಏನು ಹೊಸದಿರತ್ತೆ?" "ಕುತೂಹಲ" ಅಂದ್ರು. ಯಾವ ಸೈಜು ಬರತ್ತೆ ಅಂತ ಗೊತ್ತಿರಲ್ವಂತೆ, ಅದೇ ಮಜವಂತೆ. ಚಂದಾ ಕಟ್ಟಿದ್ದು ಪ್ರಪಂಚದಲ್ಲಿ ನಿಮ್ಮ ನರ್ಸಮ್ಮ ಒಬ್ಬರೇ.

ಆಮೇಲೆ ಬಿಟ್ಟಿ ಮಾಡೆಲ್. ಮುಚ್ಚಳ ಉಚಿತ, ಅದರ ಮೇಲಿನ ಹಿಡಿಗೆ ದುಡ್ಡು. ಬಿಸಿ ಮುಚ್ಚಳ ಬರಿಗೈಲಿ ಎತ್ತಿ ಒಂದು ಸಲ ಸುಟ್ಟುಕೊಂಡ್ರೆ ಸಾಕು, ಓಡಿ ಬಂದು ಹಿಡಿ ಕೊಳ್ತಾರೆ ಅಂತ ಇವರ ಲೆಕ್ಕ. ಆರ್ಡರ್ ಬಂದ್ವು ಅಕ್ಕ, ಬರಲಿಲ್ಲ ಅನ್ನೋ ಹಾಗಿಲ್ಲ! ಯಾವನೋ ಒಬ್ಬ ರಾಶಿ ರಾಶಿ ಬಿಟ್ಟಿ ಮುಚ್ಚಳ ತರಿಸಿಕೊಂಡು ಅಂಗಾತ ಇಟ್ಟು ಕೋಳಿಗಳಿಗೆ ನೀರು ಕುಡಿಸ್ತಿದ್ದಾನೆ. ಹಿಡಿ ಇಲ್ಲದ್ದರಿಂದ ಅಲ್ಲಾಡದೆ ಕೂರತ್ತೆ, ಬಹಳ ಅನುಕೂಲ ಅಂತ ಫೋಟೋ ಹಾಕಿ ಐದು ನಕ್ಷತ್ರ ಕೊಟ್ಟಿದ್ದಾನೆ. ನಮ್ಮವರು ಆ ಕೋಳಿಗಳನ್ನ ಒಂದೊಂದಾಗಿ ಎಣಿಸಿ ಫೋನು ಮಗುಚಿಟ್ಟರು. ಅವತ್ತಿಗೆ ಆ ಮಾಡೆಲ್ ಮುಗೀತು.

ಈಗ ಮೂರನೇದು, ಜಾಹೀರಾತು. ಮುಚ್ಚಳದ ಮೇಲೆ ಬೇರೆ ಅಂಗಡಿಯವರ ಹೆಸರು ಅಚ್ಚು ಹಾಕೋದು. ಅಡುಗೆ ಮಾಡೋರು ದಿನಾ ಮುಚ್ಚಳ ನೋಡಲೇಬೇಕಲ್ಲ ಅಂತ. ಕೇಳೋಕೆ ಹೋಗಿದ್ದ ಸೋಪಿನ ಅಂಗಡಿಯವನು, ಇದನ್ನ ಎಷ್ಟು ಜನ ನೋಡ್ತಾರೆ ಸ್ವಾಮಿ ಅಂದ್ನಂತೆ. ಇವರು ನಿಜ ಹೇಳಿ ವಾಪಸ್ ಬಂದ್ರು.

ನಿಮ್ಮ ಕೈಯಡುಗೆ ತಿಂದು ಯಾವ ಕಾಲ ಆಯ್ತೋ.

ನಿಮ್ಮ ತಂಗಿ


೧೨ ಮಾರ್ಚ್

ಹುಡುಗೀ,

ನಿನ್ನನ್ನ ಬೈಯೋಕೇ ಈ ಕಾಗದ. ನನ್ನ ಗಂಡನ ಮನಸ್ಸು ಕೆಡಿಸಿಬಿಟ್ಟೆ ನೀನು.

ಈ ವಾರದ ಪಾಠ, 'ನಿಮ್ಮ ಆದರ್ಶ ಗ್ರಾಹಕ ಯಾರು? ಅವರ ಚಿತ್ರ ಬರೆದು ಗೋಡೆಗೆ ಅಂಟಿಸಿ'. ನಮ್ಮವರಿಗೆ ಇರೋಳೇ ಒಬ್ಬಳು, ನಿನ್ನ ಟೈಲರಮ್ಮ. ಅವಳ ಚಿತ್ರ ಬರೆದಿದ್ದಾರೆ. ಉದ್ದ ಜಡೆ, ದೊಡ್ಡ ಕಣ್ಣು, ಕೈಯಲ್ಲಿ ಪಾತ್ರೆ. ಕೆಳಗೆ ಗುಣವಿಶೇಷಗಳು: ಚೌಕಾಸಿ ಮಾಡಲ್ಲ. ವಾಪಸ್ ಕಳಿಸಲ್ಲ. ಹೇಳಿದ್ದೇ ತಡ ಕೊಳ್ತಾಳೆ. ಮುಚ್ಚಳ ಕೇಳೋದೇ ಇಲ್ಲ. ಊಟ ಮಾಡ್ತಾ ಆ ಚಿತ್ರ ನೋಡ್ತಾರೆ ಕಣೆ! "ಈಕೆ ಧೈರ್ಯವಂತೆ. ಯಾವುದನ್ನೂ ಮುಚ್ಚಿಡೋ ಸ್ವಭಾವ ಅಲ್ಲ" ಅಂತಾರೆ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೆ ಮಾತು ಬಂದಿಲ್ಲ ಆ ಬಾಯಿಂದ. ನನಗೆ ಹೊಟ್ಟೆಕಿಚ್ಚು ಬಂತು, ಆಮೇಲೆ ಅವಳು ನೀನೇ ಅಲ್ವಾ ಅಂತ ನೆನಪಾಗಿ ನಗು ಬಂತು, ಆಮೇಲೆ ಮತ್ತೆ ಹೊಟ್ಟೆಕಿಚ್ಚು ಬಂತು.

ಇನ್ನೊಂದು ಯೋಚನೆ ಬಂತು. ನಾನು ಮನೆ ಖರ್ಚಲ್ಲಿ ಉಳಿಸಿ ಸಲಕ್ಕೆ ಎರಡು ಮೂರು ನಿಮ್ಮ ಮುಚ್ಚಳ ಕೊಳ್ತೀನಿ, ಆ ದುಡ್ಡಲ್ಲಿ ನೀನು ಅಷ್ಟೇ ನಮ್ಮ ಪಾತ್ರೆ ಕೊಳ್ತೀಯ. ಅದೇ ನೋಟು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಎರಡು ಮನೇಲೂ ವ್ಯಾಪಾರ ಬೆಳೀತಿದೆ ಅಂತ ಗ್ರಾಫಿನ ಗೆರೆ ಮೇಲಕ್ಕೆ ಹೋಗ್ತಿದೆ, ನಮ್ಮವರು ಅದನ್ನೂ ಗೋಡೆಗೆ ಅಂಟಿಸಿದ್ದಾರೆ. ನಿಜವಾಗಿ ಬೆಳೀತಿರೋನು ಕೊರಿಯರ್‌ನವನು. ಹೊಸ ಗಾಡಿ ತಗೊಂಡ.

ನಿಲ್ಲಿಸಿಬಿಡೋಣ್ವಾ ಅಂತ ಒಂದು ಸಲ ಅನ್ನಿಸತ್ತೆ. ಆಮೇಲೆ ಈ ಮನುಷ್ಯ ಬೆಳಿಗ್ಗೆ ಎದ್ದು ಸಿಳ್ಳೆ ಹಾಕ್ಕೊಂಡು ನಾನು ಕಟ್ಟಿದ ಡಬ್ಬಕ್ಕೆ ವಿಳಾಸ ಬರೆಯೋದು ನೋಡ್ತೀನಿ. ಸುಮ್ಮನಾಗ್ತೀನಿ.

ನಿನ್ನ ಅಕ್ಕ


೪ ಏಪ್ರಿಲ್

ಅಕ್ಕಾ,

ಒಂದು ಅನಾಹುತ ಆಗಿ ಕೂದಲೆಳೆಯಲ್ಲಿ ತಪ್ಪಿತು.

ನಮ್ಮವರು ಪ್ಯಾಂಟಿನ ಕಾಲು ಮಡಿಸಿಸೋಕೆ ಅಂತ ಕೆಳಗೆ ಹೋಗಿದ್ದಾರೆ. ಟೈಲರಮ್ಮನ ಮನೇಲಿ ನಿಮ್ಮ ಪಾತ್ರೆಗಳು! ಒಂದರಲ್ಲಿ ಗುಂಡಿ, ಒಂದರಲ್ಲಿ ದಾರದುಂಡೆ, ಇನ್ನೊಂದರಲ್ಲಿ ಬೆಕ್ಕು ಮಲಗಿತ್ತು. ನಾನು ಮಹಡಿ ಮೆಟ್ಟಿಲಲ್ಲಿ ನಿಂತು ನೋಡ್ತಿದ್ದೆ. "ಇದನ್ನ ಎಲ್ಲಿ ಕೊಂಡಿರಿ?" ಅಂತ ಜೋರು ಮಾಡಿದ್ರು. ಆ ಪುಣ್ಯಾತ್ಗಿತ್ತಿ ಬಾಯಲ್ಲಿ ಸೂಜಿ ಕಚ್ಚಿಕೊಂಡು "ಉಂ, ಆನ್‌ಲೈನು" ಅಂದ್ರು. "ನಮ್ಮ ಮನೆ ಕೆಳಗಿರೋರೇ ನಮ್ಮ ಎದುರಾಳಿಗೆ ಗ್ರಾಹಕರಾ!" ಅಂತ ಇವರು ಕುದಿದುಹೋದ್ರು.

ಆಮೇಲೆ ಏನಾಯ್ತು ಗೊತ್ತಾ ಅಕ್ಕ? ಬಗ್ಗಿ ಒಂದು ಪಾತ್ರೆ ಎತ್ತಿಕೊಂಡ್ರು. ಬೆರಳ ಗೆಣ್ಣಿಂದ ಒಂದು ಸಲ ಬಡಿದ್ರು. ಕಿವಿ ಹತ್ರ ಹಿಡಿದ್ರು. ಇನ್ನೊಂದು ಸಲ ಬಡಿದ್ರು. ಸಿಟ್ಟೆಲ್ಲ ಎಲ್ಲಿ ಹೋಯ್ತೋ. "ಒಳ್ಳೆ ದಪ್ಪ ಇದೆ" ಅಂತ ಮೆಲ್ಲಗೆ ಅಂದು, ಗುಂಡಿಗಳನ್ನ ವಾಪಸ್ ತುಂಬಿ ಇಟ್ಟು, ಪ್ಯಾಂಟು ಅಲ್ಲೇ ಮರೆತು ಮೇಲೆ ಬಂದ್ರು.

ಇವರಿಗೆ ಅಣ್ಣ ಬೇಕು ಅಕ್ಕ. ಬಾಯಿ ಬಿಟ್ಟು ಹೇಳಲ್ಲ ಅಷ್ಟೇ.

ನಿಮ್ಮ ತಂಗಿ


೨೨ ಏಪ್ರಿಲ್

ತಂಗೀ,

ಇವತ್ತು ತಮಾಷೆ ಇಲ್ಲ.

ನಮ್ಮವರು ಪಾತ್ರೆಗಳ ಅಂಚು ಕತ್ತರಿಸ್ತಾರಂತೆ. ಬಾಯಿ ಸುತ್ತ ಮುಚ್ಚಳ ಕೂರೋಕೆ ಅಂತ ಒಂದು ಅಂಚಿದೆಯಲ್ಲ, ಅದನ್ನ ತಿರುಗಿಸಿ ಕೊರೆಯೋ ಲೇತ್ ಯಂತ್ರಕ್ಕೆ ಕೊಟ್ಟು ಬೋಳು ಮಾಡಿಸೋದಂತೆ. ಆಗ ಇದು ಮುಚ್ಚಳ ಕಳಕೊಂಡ ಪಾತ್ರೆ ಅಂತ ಯಾರಿಗೂ ಅನ್ನಿಸಲ್ಲ, ಹುಟ್ಟಿದ್ದೇ ಹೀಗೆ ಅನ್ನಿಸತ್ತೆ ಅಂತ. ಒಂದೆರಡಲ್ಲ, ಇರೋ ಪಾತ್ರೆಯೆಲ್ಲ. ಲೇತ್‌ನವನ ಜೊತೆ ಮಾತಾಗಿದೆ, ಮುಂದಿನ ತಿಂಗಳು ಒಂಬತ್ತನೇ ತಾರೀಖು ಸೋಮವಾರ ಬೆಳಿಗ್ಗೆ ಬಂದು ಹೊತ್ತುಕೊಂಡು ಹೋಗ್ತಾನೆ.

"ಯಾಕ್ರೀ ಇಷ್ಟು ಅವಸರ?" ಅಂತ ಕೇಳಿದೆ. ಗೋಡೆ ಮೇಲಿನ ಚಿತ್ರ ತೋರಿಸಿದ್ರು. "ಇವಳು ಒಂದು ಸಲವಾದ್ರೂ ಮುಚ್ಚಳ ಕೇಳಿದ್ದಾಳಾ?"

ಅಂಚು ಹೋದ್ರೆ ಮುಗೀತು ಕಣೆ. ನಾಳೆ ಇಬ್ಬರಿಗೂ ಬುದ್ಧಿ ಬಂದು ತಬ್ಬಿಕೊಂಡ್ರೂ ನಿಮ್ಮ ಒಂದು ಮುಚ್ಚಳಾನೂ ನಮ್ಮ ಒಂದು ಪಾತ್ರೆ ಮೇಲೂ ಕೂರಲ್ಲ. ಇಷ್ಟು ದಿನ ನನಗೆ ಒಂದು ಧೈರ್ಯ ಇತ್ತು. ಇವರು ಎಷ್ಟೇ ಹಾರಾಡಲಿ, ಸಾಮಾನು ಒಂದಕ್ಕೊಂದು ಹೊಂದತ್ತೆ, ಎಂದಾದ್ರೂ ಮನುಷ್ಯರೂ ಹೊಂದ್ತಾರೆ ಅಂತ.

ಹೇಳಿಬಿಡೋಣ ಅಂದ್ರೆ, ಏನಂತ ಹೇಳಲಿ? ನಿಮಗೆ ಇರೋ ಒಬ್ಬಳೇ ಗ್ರಾಹಕಿ ನಿಮ್ಮ ತಮ್ಮನ ಹೆಂಡತಿ ಅಂತಾನಾ? ಮತ್ತೆ ಗಡ್ಡ ಬಿಟ್ಟುಕೊಂಡು ತಟ್ಟೆ ನೋಡ್ತಾ ಕೂತುಬಿಡ್ತಾರೆ. ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಗಿದೆ, ಉಗುಳೋಕೂ ಆಗಲ್ಲ ನುಂಗೋಕೂ ಆಗಲ್ಲ. ನೀನು ಟೈಲರಮ್ಮನ ಹೆಸರಲ್ಲಿ ಜೋರಾಗಿ ಒಂದು ದೂರು ಬರಿ. ಮುಚ್ಚಳ ಇಲ್ಲದೆ ಉಪಯೋಗ ಇಲ್ಲ ಅಂತ ಬರಿ. ಹಾವೂ ಸಾಯಬೇಕು, ಕೋಲೂ ಮುರೀಬಾರದು.

ನಿನ್ನ ಅಕ್ಕ


೪ ಮೇ

ಅಕ್ಕಾ,

ದೂರು ಬರೆದಾಯ್ತು. "ಮುಚ್ಚಳ ಕೊಡದ ನಿಮ್ಮ ಪಾತ್ರೆಯಲ್ಲಿ ಹಾಲಿಟ್ಟಿದ್ದೆ, ಹಲ್ಲಿ ಬಿತ್ತು. ಒಂದು ನಕ್ಷತ್ರ. ಅದೂ ಹಲ್ಲಿ ಬದುಕಿದ್ದಕ್ಕೆ." ಸಾಕಾ?

ಆದ್ರೆ ಇಲ್ಲಿ ಹೊಸ ಪೀಕಲಾಟ. ಕನ್ನಡಕದ ಸರ್ ಈ ವಾರ, 'ಕೂತಲ್ಲೇ ಕೂತು ಮಾಡೆಲ್ ಮಾಡಬೇಡಿ. ನಿಮ್ಮ ಅತ್ಯುತ್ತಮ ಗ್ರಾಹಕರ ಮನೆಗೇ ಹೋಗಿ' ಅಂದಿದ್ದಾನೆ. ನಮ್ಮವರು ಭಾನುವಾರ ನರ್ಸಮ್ಮನ್ನ ನೋಡೋಕೆ ನಿಮ್ಮ ಊರಿಗೇ ಬರ್ತಿದ್ದಾರೆ! ಅದಕ್ಕೂ ಮುಂಚೆ ತಲುಪಲಿ ಅಂತ ಚಂದಾದಾರರಿಗೆ ಕಾಣಿಕೆಯಾಗಿ ಈ ಪುಟ್ಟ ಮುಚ್ಚಳ ಅವರೇ ಕಳಿಸ್ತಿದ್ದಾರೆ, ಅದರಲ್ಲೇ ಈ ಕಾಗದ. ಆ ರಸ್ತೆಗೆ ಹೋಗಬೇಡಿ, ಅಲ್ಲಿ ನಿಮ್ಮಣ್ಣನ ಮನೆ ಇದೆ ಅಂದೆ. "ನಾನು ರಸ್ತೆಯ ಈ ಬದಿಯಲ್ಲೇ ನಡೀತೀನಿ" ಅಂದ್ರು.

ಏನಾದ್ರೂ ಮಾಡಿ ಅಕ್ಕ.

ನಿಮ್ಮ ತಂಗಿ


೪ ಮೇ

ತಂಗೀ,

ನಿನ್ನ ಹಲ್ಲಿ ಮನೆ ಹಾಳು ಮಾಡ್ತು.

ನಮ್ಮವರು ಓದಿ ಕುಸಿದು ಕೂತ್ರು, ಆಮೇಲೆ ಎದ್ದು ನಿಂತ್ರು. "ಇವಳೊಬ್ಬಳನ್ನ ಕಳಕೊಂಡ್ರೆ ನಾನು ಬದುಕಿ ಏನು ಪ್ರಯೋಜನ" ಅಂದ್ರು, ನನ್ನೆದುರಿಗೇ! ಭಾನುವಾರ ಖುದ್ದಾಗಿ ಟೈಲರಮ್ಮನ ಮನೆಗೆ ಬಂದು ಕ್ಷಮೆ ಕೇಳಿ, ತೆರೆದ ಪಾತ್ರೆಯ ತತ್ವ ಬಿಡಿಸಿ ಹೇಳ್ತಾರಂತೆ. ಈ ವಾರದ ಪಾಠದಲ್ಲೂ ಅದೇ ಹೇಳಿದ್ದಾನಂತೆ ಆ ಕನ್ನಡಕದವನು. ಸೋಮವಾರದ ಕತ್ತರಿ ಮಾತ್ರ ನಿಂತಿಲ್ಲ. ಮುಂಗಡವಾಗಿ ಕ್ಷಮಾಪಣೆಗೆ ಅಂತ ಈ ಸಣ್ಣ ಪಾತ್ರೆ ಕಳಿಸು ಅಂದ್ರು, ಕಳಿಸ್ತಿದ್ದೀನಿ.

ನೀವಿಬ್ಬರೂ ಇರೋದು ಆ ಮನೆ ಮಹಡಿ ಮೇಲೆ ಅಂತ ಇವರಿಗೆ ಗೊತ್ತಿಲ್ಲ. ನಿನ್ನ ಗಂಡನ್ನ ಎಲ್ಲಾದ್ರೂ ಸಾಗಹಾಕು. ಎದುರಾಎದುರು ಸಿಕ್ಕರೆ ಇರೋ ಒಂದೆಳೆಯೂ ಕಿತ್ತು ಹೋಗತ್ತೆ.

ನಿನ್ನ ಅಕ್ಕ


೮ ಮೇ, ಭಾನುವಾರ

ಅಕ್ಕಾ,

ಈ ಕಾಗದವನ್ನ ಭಾವನ ಕೈಯಲ್ಲೇ ಕೊಟ್ಟು ಕಳಿಸ್ತಿದ್ದೀನಿ. ಬಸ್ಸಿಗೆ ಇನ್ನೂ ಹೊತ್ತಿದೆ. ಒಳಗೆ ಕೂತಿದ್ದಾರೆ.

ನಿಮ್ಮ ಕಾಗದ ನಿನ್ನೆ ಸಿಕ್ಕಿತು. ನಾನೇನೂ ಮಾಡಲಿಲ್ಲ ಅಕ್ಕ. ಬೆಳಿಗ್ಗೆ ನಮ್ಮವರಿಗೆ ಬುತ್ತಿ ಕಟ್ಟಿ ಕಳಿಸಿ, ಮನೆ ಗುಡಿಸಿ, ಕಾಯ್ತಾ ಕೂತೆ.

ಭಾವ ಬಂದ್ರು, ಇಸ್ತ್ರಿ ಮಾಡಿದ ಶರ್ಟು, ಬಗಲಲ್ಲಿ ಬಣ್ಣದ ಕಾಗದ ಸುತ್ತಿದ ಪಾತ್ರೆ. ಟೈಲರಮ್ಮ ಇವರನ್ನ ಕಂಡದ್ದೇ ಬೆರಳು ಮೇಲಕ್ಕೆ ತೋರಿಸಿದ್ರಂತೆ. ಹತ್ತಿ ಬಂದು ಬಾಗಿಲು ತಟ್ಟಿದ್ರು. ನಾನು ತೆಗೆದೆ.

"ಟೈಲರಮ್ಮ ಅಂದ್ರೆ ನೀನಾ?"

"ಹೂಂ ಭಾವ."

"ಮೊದಲಿಂದಾನೂ?"

"ಹೂಂ."

"ಬೇರೆ ಗ್ರಾಹಕರು ಯಾರಾದ್ರೂ…"

"ಅದು ನನಗೆ ಗೊತ್ತಿಲ್ಲ ಭಾವ."

"ನನಗೆ ಗೊತ್ತು. ಬೇರೆ ಯಾರೂ ಇಲ್ಲ" ಅಂತ ಕೆಳಗೆ ಕೂತುಬಿಟ್ಟರು. ನಾನು ನನ್ನ ಕಡೆಯದೆಲ್ಲ ಹೇಳಿಬಿಟ್ಟೆ. ಅಕ್ಕನ ಮಾತು ಕೇಳದೆ ಇರೋಕೆ ನನ್ನ ಕೈಲಿ ಆಗಲಿಲ್ಲ, ಅದಕ್ಕೇ ಕೊಂಡೆ ಅಂತ ಅತ್ತೆ. ಆಮೇಲೆ "ಅವನೆಲ್ಲಿ?" ಅಂದ್ರು. ನಿಮ್ಮ ಎದುರು ಮನೆ ನರ್ಸಮ್ಮನ್ನ ನೋಡೋಕೆ ಹೋಗಿದ್ದಾರೆ, ಅವರೇ ನಮ್ಮ ದೊಡ್ಡ ಗ್ರಾಹಕರು ಅಂದೆ. "ಆ ಒಂಟಿ ಹೆಂಗಸು ಅಷ್ಟು ಮುಚ್ಚಳ ಇಟ್ಕೊಂಡು ಏನು ಮಾಡ್ತಾಳೆ?" ಅಂದವರು ಅಲ್ಲಿಗೇ ನಿಲ್ಲಿಸಿದ್ರು. ನನ್ನ ಮುಖ ನೋಡಿದ್ರು. ಅವರಿಗೆ ಮೊದಲು ಬಂದದ್ದು ನಗು ಅಕ್ಕ. ಸದ್ದಿಲ್ಲದೆ, ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

ಮುಚ್ಚಳದ ಕೋಣೆ ನೋಡಬೇಕು ಅಂದ್ರು. ತೋರಿಸಿದೆ. ಗೋಡೆಯಿಂದ ಒಂದು ತೆಗೆದು, ತಂದಿದ್ದ ಪಾತ್ರೆ ಕಾಗದ ಬಿಚ್ಚಿ, ಮೇಲಿಟ್ಟು ತಿರುಗಿಸಿದ್ರು. ಸರಿಯಾಗಿ ಕೂತಿತು. ಕೈ ಅದರ ಮೇಲೇ ಇತ್ತು. "ಧೂಳು ಒರೆಸ್ತಾನೆ, ಪರವಾಗಿಲ್ಲ" ಅಂದ್ರು.

"ನಾಳೆ ಕತ್ತರಿಸಬೇಡಿ ಭಾವ" ಅಂದೆ. "ಲೇತ್‌ನವನಿಗೆ ಮಾತು ಕೊಟ್ಟಿದ್ದೀನಿ" ಅಂದ್ರು. ಅಷ್ಟೇ ಅಕ್ಕ. ಮುಂದೇನು ಮಾಡ್ತಾರೋ ನನಗೆ ಗೊತ್ತಿಲ್ಲ.

ನಿಮ್ಮ ತಂಗಿ


೮ ಮೇ

ತಂಗೀ,

ಇದನ್ನ ನಿನ್ನ ಗಂಡನ ಬುತ್ತಿ ಚೀಲದಲ್ಲಿ ಇಡ್ತಿದ್ದೀನಿ. ನಿನ್ನ ಕಾಗದ ನಿನ್ನೆ ಸಂಜೆಯೇ ಬಂತು. ನಮ್ಮವರನ್ನ ತಡೀಬಹುದಿತ್ತು. ತಡೀಲಿಲ್ಲ.

ನರ್ಸಮ್ಮ ಪಾಪ ಮೈದುನನಿಗೆ ಕುರ್ಚಿ ಎಳೀತಾ ಕಪಾಟಿಗೆ ಕೈ ತಾಗಿಸಿದ್ದೇ ತಡ, ಬಾಗಿಲು ತೆರೆದು ನಿಮ್ಮ ಮುಚ್ಚಳಗಳೆಲ್ಲ ಗಲಗಲ ಅಂತ ಉರುಳಿ ಬಂದ್ವಂತೆ. ಒಂದಕ್ಕೂ ಉಜ್ಜಿದ ಗುರುತಿಲ್ಲ. ಕೆಲವು ಹೊದಿಕೇನೂ ಬಿಚ್ಚಿಲ್ಲ. ಮೈದುನ ಅದನ್ನೆಲ್ಲ ಆರಿಸಿ ಜೋಡಿಸಿಟ್ಟು, ರಸ್ತೆ ದಾಟಿ ನಮ್ಮ ಬಾಗಿಲಿಗೆ ಬಂದ. "ಅತ್ತಿಗೆ, ಹಸಿವು" ಅಂದ. ಕೈಯಲ್ಲಿ ನೀನು ಕಟ್ಟಿದ ಬುತ್ತಿ ಹಾಗೇ ಇತ್ತು. ನಾನು ಏನೂ ಕೇಳದೆ ಬಡಿಸಿದೆ.

ಉಂಡು ಎದ್ದಾಗ ಪಡಸಾಲೆಯಲ್ಲಿ ನಾಳೆಗೆ ಅಂತ ಸಾಲಾಗಿ ಇಟ್ಟ ಪಾತ್ರೆಗಳು ಕಣ್ಣಿಗೆ ಬಿದ್ದವು. ಅಂಚಿನ ಸುತ್ತ ಕೆಂಪು ಗುರುತು. ಇದೇನು ಅಂದ, ಹೇಳಿದೆ. ಒಂದರ ಅಂಚಿನ ಮೇಲೆ ಬೆರಳಾಡಿಸಿದ. "ಅಣ್ಣನಿಗೆ ಹೇಳಿ ಅತ್ತಿಗೆ…" ಅಂದ. ಏನು ಹೇಳಲಿ ಅಂದೆ. "ಏನಿಲ್ಲ ಬಿಡಿ. ಅವನ ಪಾತ್ರೆ, ಅವನಿಷ್ಟ" ಅಂದ. ನಾಲಿಗೆ ತುದೀಲಿತ್ತು ಮಾತು, ಅಲ್ಲಿಂದ ಇಳೀಲಿಲ್ಲ.

ನನಗೂ ಸಾಕಾಗಿದೆ. ನಾಳೆ ಏನಾಗತ್ತೋ ಆಗಲಿ.

ನಿನ್ನ ಅಕ್ಕ


೯ ಮೇ, ಸೋಮವಾರ

ಅಕ್ಕಾ,

ಬೆಳಿಗ್ಗೆಯಿಂದ ಇವರು ಗಡಿಯಾರ ನೋಡೋದು, ನಾನು ಇವರನ್ನ ನೋಡೋದು. ಈಗ ಲೇತ್‌ನವನು ಬಂದಿರ್ತಾನೆ, ಈಗ ಹೊತ್ತು ಹಾಕಿರ್ತಾನೆ ಅಂತ ಮನಸ್ಸಲ್ಲೇ ಲೆಕ್ಕ. ಇವರು ನಿನ್ನೆ ಬಂದವರು ಒಂದೇ ಮಾತು ಅಂದಿದ್ದು, "ನಮ್ಮದು ಅಂತ ಒಂದು ಗಿರಾಕಿನೂ ಇಲ್ಲ ಕಣೆ" ಅಂತ. ಭಾವ ಮುಚ್ಚಳ ಹಾಕಿಟ್ಟು ಹೋದ ಪಾತ್ರೆ ಅಲ್ಲೇ ಇತ್ತು. ಅದನ್ನ ನೋಡಿದ್ರು, ಮುಟ್ಟಲಿಲ್ಲ.

ಅಷ್ಟರಲ್ಲಿ ಫೋನು ಟಿಣ್ ಅಂತು. ನಾನು ನೀವೇ ಇರಬೇಕು ಅಂದುಕೊಂಡೆ. ಇವರು ಓದಿದ್ರು. ಮತ್ತೆ ಓದಿದ್ರು. ಫೋನು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡ್ರು.

ಹೆಸರು ಅನ್ನೋ ಕಡೆ, 'ನಿಮ್ಮಣ್ಣ'. ಯಾವ ಸೈಜು ಅನ್ನೋ ಕಡೆ, 'ಎಲ್ಲಾ'. ಮಾರಾಟಗಾರರಿಗೆ ಹೇಳೋದು ಅನ್ನೋ ಕಡೆ ಹೀಗಿತ್ತು: "ಲೇತ್‌ನವನನ್ನ ವಾಪಸ್ ಕಳಿಸಿದ್ದೀನಿ. ಇರೋ ಮುಚ್ಚಳವೆಲ್ಲ ಬೇಕು. ಕೊರಿಯರ್‌ನವನ ಕೈಲಿ ಕೊಟ್ಟರೆ ತಗೊಳ್ಳಲ್ಲ. ನೀನೇ ತಗೊಂಡು ಬಾ."

ಇವರು ಬಚ್ಚಲಿಂದ ಬಂದ್ರು. ಮುಖವೆಲ್ಲ ಒದ್ದೆ, ಕಣ್ಣು ಕೆಂಪು. ಎದೆ ಸೆಟೆಸಿಕೊಂಡು ನಿಂತು, "ನೋಡಿದ್ಯಾ? ಒಂದೇ ಆರ್ಡರಿಗೆ ಇಡೀ ಸ್ಟಾಕು ಖಾಲಿ! ಮಾಡೆಲ್ ಅಂದ್ರೆ ಇದು ಕಣೆ!" ಅಂದ್ರು.

"ಹೌದ್ರೀ" ಅಂದೆ.

ಗೋಡೆಯಿಂದ ಮುಚ್ಚಳ ಇಳಿಸೋಕೆ ಶುರು ಮಾಡಿದ್ರು. ಒಂದು ಇಳಿಸಿದ್ರು, ಎರಡು ಇಳಿಸಿದ್ರು. ಮೂರನೇದು ಕೈಯಲ್ಲಿ ಹಿಡಕೊಂಡು ಅಲ್ಲೇ ನೆಲದ ಮೇಲೆ ಕೂತು, "ಅಣ್ಣ ಬಾ ಅಂದಿದ್ದಾನೆ ಕಣೆ" ಅಂತ ಗೊಳೋ ಅಂತ ಅತ್ತುಬಿಟ್ಟರು.

ಟೆಂಪೋಗೆ ಹೇಳಿಯಾಗಿದೆ, ಅಕ್ಕ. ಈ ಕಾಗದ ನಾನೇ ತಂದು ಕೊಡ್ತೀನಿ.

ನಿಮ್ಮ ತಂಗಿ